ಟ್ರಂಕಿನ ತಳದ ಬೆಲ್ ಬಾಟಮ್

ಹಳೆಯ ಬಟ್ಟೆ ತನ್ನನ್ನು ತೊಟ್ಟವರ ನಡಿಗೆಯನ್ನು ಮರೆಯುವುದಿಲ್ಲವಲ್ಲ, ಅದಕ್ಕೇ ಹಾವೇರಿಯ ಟೇಲರ್ ಮಕ್ತುಮಸಾಬ ಮಾರುವ ಮೊದಲು ಪ್ರತಿಯೊಂದನ್ನೂ ಅಂಟುವಾಳದ ನೀರಿನಲ್ಲಿ ನೆನೆಸಿ ಅದರ ನೆನಪು ತೊಳೆಯುತ್ತಿದ್ದ. ಅದಕ್ಕೂ ಮೊದಲು ಒಮ್ಮೆ ತಾನೇ ತೊಟ್ಟು ಹೊಲಿಗೆ ನೋಡುತ್ತಿದ್ದ.

ಅಂದು ನೀಲಮ್ಮ, ಗಂಡನ ಟ್ರಂಕಿನ ತಳದಲ್ಲಿ ಸಿಕ್ಕ ಬೆಲ್ ಬಾಟಮ್ ಮಾರಲು ತಂದಳು. ಗಂಡ ನಿವೃತ್ತ ಹೆಡ್‌ಮಾಸ್ತರ. ಮದುವೆಯಾದ ನಲವತ್ತು ವರ್ಷದಲ್ಲಿ ನಕ್ಕಿದ್ದೇ ಅಪರೂಪ.

ಮಕ್ತುಮಸಾಬ ಅದನ್ನು ತೊಟ್ಟದ್ದೇ ತಡ, ಕಾಲುಗಳು ತಾವಾಗಿಯೇ ಕುಣಿಯತೊಡಗಿದವು. ಸೊಂಟ ಗಿರ್ರನೆ ತಿರುಗಿತು. ದಾರದ ಉಂಡೆಗಳು ಬೀದಿಗೆ ಉರುಳಿದವು.

"ಇದು ಯಾರ ಕುಣಿತರೀ ಅಕ್ಕಾರ?" ಎಂದು ಏದುಸಿರು ಬಿಟ್ಟ.

"ನಮ್ಮ ಮಾಸ್ತರ್ದು!" ನೀಲಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ನೆನಸಬ್ಯಾಡ್ರಿ, ಮಾರೂದೂ ಬ್ಯಾಡ. ಸೊಂಟ ನಾಕ ಇಂಚ ಬಿಚ್ಚಿ ಕೊಡ್ರಿ. ಇವತ್ತ ಸಂಜೀಕೇ ಅವರಿಗೆ ತೊಡಸ್ತೀನಿ!"