ಗೋಲಿನ ಹಿಂದೆ ಕೂತವಳು

ಫೈನಲ್ ಸೋತ ಸಂಜೆ ಗೋಲ್‌ಕೀಪರ್ ದಿವಾಕರನನ್ನು ಮೊದಲು ತಬ್ಬಿಕೊಂಡವಳು ಅವನ ತಾಯಿ. ಪಂದ್ಯವಿಡೀ ಅವಳು ಗೋಲಿನ ಹಿಂದೆಯೇ ಕೂತಿದ್ದಳು.

"ನಿನ್ ತಪ್ಪಲ್ಲ ಕಣೋ. ಬಾಲು ನಿಮ್ ಟೀಮಿನವನದೇ ಮೊಣಕಾಲಿಗೆ ತಾಗಿ ತಿರುಗ್ಬಿಡ್ತು. ನಾನೇ ಕಣ್ಣಾರೆ ನೋಡ್ದೆ."

ಟಿವಿಯವರ ಕ್ಯಾಮೆರಾಗೆ ಆ ಮೊಣಕಾಲು ಕಂಡಿರಲಿಲ್ಲ. ಅವನ ಕೈತಪ್ಪಿ ಒಳಹೋದ ಆ ಒಂದು ಚೆಂಡನ್ನೇ ನಾಲ್ಕು ದಿನ ತಿರುಗಿಸಿ ಮುರುಗಿಸಿ ತೋರಿಸಿದರು. ಅಂದು ಗುಂಡುಕಲ್ಲಿನ ಹಾಗೆ ನಿಂತು ಅವನು ತಡೆದ ಒಂಬತ್ತು ಚೆಂಡುಗಳ ಸುದ್ದಿಯೇ ಇಲ್ಲ. 'ಕಪ್ ಕಳೆದ ಕೈ' ಎಂದು ಹೆಸರನ್ನೂ ಇಟ್ಟರು. ಹಾಲಿನಂಗಡಿಯವನೂ ಅದೇ ಹೆಸರು ಹಿಡಿದು ಕೂಗಿ ನಕ್ಕ. ತಾಯಿ ಮಾತ್ರ ಆ ನಾಲ್ಕೂ ದಿನ ಒಳಹೋದ ಆ ಚೆಂಡನ್ನೇ ನೋಡುತ್ತ ಟಿವಿ ಮುಂದಿನಿಂದ ಏಳಲೇ ಇಲ್ಲ.

ಐದನೆಯ ದಿನ ಮೈಕು ಹಿಡಿದವನೊಬ್ಬ ಮನೆಬಾಗಿಲಿಗೇ ಬಂದ.

"ಯಾಕ್ ಸಾರ್ ಬಿಟ್ರಿ ಆ ಬಾಲು? ಜನ ಕೇಳ್ತಿದಾರೆ."

ದಿವಾಕರನಿಗೆ ಹೇಳಿ ಹೇಳಿ ಸಾಕಾಗಿತ್ತು. "ನನ್ ಮಾತು ನೀವು ನಂಬಲ್ಲ. ನಮ್ಮಮ್ಮ ಅಲ್ಲೇ ಇದ್ರು, ಅವರನ್ನೇ ಕೇಳಿ."

ತಾಯಿ ಸೆರಗು ಸರಿಮಾಡಿಕೊಂಡು ಬಂದು ಕ್ಯಾಮೆರಾಗೆ ಕೈ ಮುಗಿದಳು.

"ಬೈಬೇಡಿ ಸ್ವಾಮಿ. ಆವತ್ತು ನನ್ ಮಗಂಗೆ ಜ್ವರ ಇತ್ತು."