ಸೋತ ದಿನ ಒಗೆಯುವ ಜೆರ್ಸಿ

ಸೋಪಿನ ನೀರು ತುಂಬಿದ ಬಕೆಟ್ಟಿನ ಮೇಲೆ ಜೆರ್ಸಿಯನ್ನು ಹಿಡಿದುಕೊಂಡೇ ಅಕ್ಕ ನಿಂತಿದ್ದಳು. ಗೋಲ್‌ಕೀಪರ್ ತಮ್ಮನ ಫೋನಿನಲ್ಲಿ ಕೋಚ್ ಮಾತಾಡುತ್ತಿದ್ದರು. "ಲೀಗ್‌ನವರು ತೀರ್ಮಾನ ಮಾಡಿಬಿಟ್ರಪ್ಪ. ಉಳಿದ ಆಟ ಆಡಿಸಲ್ವಂತೆ. ಆಡಿದಷ್ಟಕ್ಕೇ ಸರಾಸರಿ ಹಾಕಿ ನಮ್ಮನ್ನ ಎರಡನೇ ಜಾಗದಲ್ಲಿ ಕೂರಿಸಿದ್ದಾರೆ. ಮೇಲಿನ ಡಿವಿಜನ್‌ಗೆ ಹೋಗೋದು ಒಂದೇ ತಂಡ."

ಬಾಕಿಯಿದ್ದದ್ದು ಒಂದೇ ಪಂದ್ಯ, ಅದೂ ಮೊದಲ ಸ್ಥಾನದವರ ಮೇಲೆ. ಗೆದ್ದಿದ್ದರೆ ಇವರೇ ಮೊದಲು. ಗೆಲ್ಲುತ್ತಿರುವಷ್ಟು ದಿನ ಜೆರ್ಸಿ ಒಗೆಯಬಾರದು, ಸೋತ ದಿನವೇ ಒಗೆಯಬೇಕು ಎಂಬುದು ಆ ತಂಡದ ಕಟ್ಟಳೆ. ಹಾಗಾಗಿ ಸೋಂಕು ಹಬ್ಬಿ ಮೈದಾನಕ್ಕೆ ಬೀಗ ಬಿದ್ದಾಗಿನಿಂದ ಅದು ಮೊಣಕೈಗೆ ಒಣಕೆಸರು ಮೆತ್ತಿಕೊಂಡು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. "ಸೋಂಕು ಮನೆಗೆ ಬಂದ್ರೂ ಇದರ ವಾಸನೆಗೇ ಓಡಿಹೋಗುತ್ತೆ" ಎಂದು ಅಕ್ಕ ದಿನಾ ಮೂಗು ಮುರಿಯುತ್ತಿದ್ದಳು.

ತಮ್ಮ ಫೋನ್ ಇಟ್ಟ. "ಎಲ್ಲಾ ಮುಗೀತಲ್ಲ, ಈಗಲಾದ್ರೂ ಅದ್ದಲೇನೋ?" ಎಂದಳು ಅಕ್ಕ.

"ನಾವು ಸೋತಿಲ್ವಲ್ಲಕ್ಕ," ಎಂದ ಅವನು, ಬರಿಗೈಗಳನ್ನೇ ನೋಡಿಕೊಳ್ಳುತ್ತ. "ಆಡಿ ಸೋತಿದ್ರೆ ನಾನೇ ಒಗೀತಿದ್ದೆ."

ಅಕ್ಕ ಬಕೆಟ್ಟಿಗೆ ದಿಂಬಿನ ಕವರುಗಳನ್ನು ಹಾಕಿದಳು. ಜೆರ್ಸಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಮೊಣಕೈಯ ಕೆಸರು ಒಂದಿಷ್ಟೂ ಉದುರದ ಹಾಗೆ, ಅದೇ ಮೊಳೆಗೆ ತೂಗುಹಾಕಿದಳು.