ಐವರೆದುರು ನಾಲ್ವರು

ಕಪ್ಪು ರಬ್ಬರಿನ ಪಕ್ ಕೈಸಾಳ ಸ್ಟಿಕ್ಕಿನ ಮೇಲೆ ಅಂಟಿಸಿದ ಹಾಗೆ ಕೂತಿತ್ತು. ಗೋಲಿನ ಹಿಂಬದಿಯಿಂದ ಬಂದು, ಅದನ್ನು ಹಾಗೇ ಎತ್ತಿ, ಗೋಲ್‌ಕೀಪರಳ ಭುಜದ ಮೇಲಿಂದ ಬಲೆಯ ಮೂಲೆಯಲ್ಲಿ ಇಟ್ಟುಬಿಡಬೇಕು. ಹೊಡೆಯುವುದಲ್ಲ, ಇಡುವುದು. ಗ್ಯಾಲರಿಯಲ್ಲಿ ಅವಳಪ್ಪ ಓಯ್ವಾ ಎದ್ದು ನಿಂತ. ಪಕ್ ಜಾರಿತು. ಗೋಲಿನ ಕಂಬಕ್ಕೆ ಸೊಂಟ ತಾಗಿ ಕೈಸಾಳೂ ಬಿದ್ದಳು.

ಥಂಡರ್ ಬೇ ಊರಿನ ಹುಡುಗಿಯರ ಐಸ್ ಹಾಕಿ ತಂಡದ ಆಯ್ಕೆಗೆ ಅದೇ ಕೊನೆಯ ದಿನ, ಉಳಿದಿದ್ದು ಒಂದೇ ಜಾಗ. ಬಂದವರನ್ನೇ ಎರಡು ಕಡೆ ಮಾಡಿ ಆಡಿಸುತ್ತಿದ್ದರು. ಕಳೆದ ವರ್ಷವೂ ಹೀಗೇ ಕೊನೆಯ ದಿನದವರೆಗೆ ಬಂದು, ಅಳುತ್ತ ಮನೆಗೆ ಹೋಗಿದ್ದವಳು ಕೈಸಾ. ಆಮೇಲೆ ಇಡೀ ಬೇಸಿಗೆ ಅಪ್ಪ ಮಗಳು ಟ್ರಕ್ಕನ್ನು ಬೀದಿಯಲ್ಲಿ ನಿಲ್ಲಿಸಿ, ಗ್ಯಾರೇಜಿನ ನೆಲಕ್ಕೆ ಪ್ಲಾಸ್ಟಿಕ್ ಹಲಗೆ ಹಾಸಿ, ಈ ಒಂದು ಕರಾಮತ್ತನ್ನೇ ತಿದ್ದಿದ್ದರು. ಅಷ್ಟು ಜನರ ನಡುವೆ ಕಣ್ಣಿಗೆ ಬೀಳಬೇಕಾದರೆ ಬೇರೆ ಯಾರಿಗೂ ಬರದ್ದನ್ನು ಮಾಡಿ ತೋರಿಸಬೇಕು ಎಂಬುದು ಓಯ್ವಾನ ನಂಬಿಕೆ.

ಪಕ್ ಎದುರಾಳಿಗಳಿಗೆ ಸಿಕ್ಕಿ ಆ ತುದಿಗೆ ಓಡಿತು. ಓಯ್ವಾ ತಲೆಗೆ ಕೈ ಹೊತ್ತು ಕುಳಿತುಬಿಟ್ಟ. ಕೈಸಾ ಮಾತ್ರ ಮಂಡಿಯ ಮೇಲಿಂದಲೇ ತಿರುಗಿ, ಎದ್ದು, ತಲೆ ತಗ್ಗಿಸಿ ಅದರ ಹಿಂದೆ ಬಿದ್ದಳು. ಇಡೀ ಮೈದಾನ ದಾಟಿ, ಗೋಲಿಗೆ ಹೊಡೆಯಲು ಸ್ಟಿಕ್ ಎತ್ತಿದ್ದ ಹುಡುಗಿಯ ಹಿಂದಿನಿಂದ ಆ ಸ್ಟಿಕ್ಕನ್ನು ತನ್ನದರಿಂದ ಒಂದಿಷ್ಟೇ ಮೇಲಕ್ಕೆತ್ತಿದಳು. ಹೊಡೆತ ಗಾಳಿಗೆ ಹೋಯಿತು. ಪಕ್ ಸುಮ್ಮನೆ ಮೂಲೆಗೆ ಉರುಳಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಸರೂ ಗೊತ್ತಿಲ್ಲದ, ತನ್ನ ಕಡೆಯ ಗೋಲ್‌ಕೀಪರ್ ಹುಡುಗಿ ಅವಳ ಮೊಣಕಾಲಿಗೆ ಸ್ಟಿಕ್ಕಿನಿಂದ ಮೆಲ್ಲಗೆ ತಟ್ಟಿದಳು, ಅಷ್ಟೆ.

ಒಬ್ಬೊಬ್ಬರನ್ನೇ ಒಳಗೆ ಕರೆದು ಹೌದು, ಇಲ್ಲ ಹೇಳುವುದು ಕೋಚ್ ಡೋರೀನಳ ಪದ್ಧತಿ. ಹೊರಗಿನ ಬೆಂಚಿನ ಮೇಲೆ ಓಯ್ವಾ ಒಂದೇ ಸಮನೆ ಮಾತಾಡುತ್ತಿದ್ದ. ನೀನು ಮಣಿಕಟ್ಟನ್ನು ಅವಸರದಲ್ಲಿ ತಿರುಗಿಸಿದೆ ಎಂದ, ಗ್ಯಾರೇಜಿನಲ್ಲಿ ಒಂದು ಸಲವೂ ತಪ್ಪಿರಲಿಲ್ಲ ಎಂದ, ಇಲ್ಲೇ ಕೈಕೊಡಬೇಕಾ ನಮ್ಮ ಗ್ರಹಚಾರ ಎಂದ. ಕೈಸಾ ಸ್ಕೇಟಿನ ಲೇಸಿಗೆ ಮೆತ್ತಿದ ಐಸನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು.

ಒಳಗೆ ಒದ್ದೆ ಗ್ಲೌಸುಗಳ ನಾತ. ಗುಲಾಬಿ ಕೆನೆ ಬಳಿದ ಊರಿನವರು ಪರ್ಷಿಯನ್ ಎನ್ನುವ ಬನ್ನನ್ನು ಡೋರೀನ್ ಕಾಗದದ ಮೇಲಿಟ್ಟುಕೊಂಡು ತಿನ್ನುತ್ತಿದ್ದಳು. ಕೈಸಾ ನಿಂತಲ್ಲೇ, ಬಾಯಿಪಾಠ ಒಪ್ಪಿಸುವ ಹಾಗೆ, ಇನ್ನು ಮೇಲೆ ಆ ಕರಾಮತ್ತು ಮಾಡುವುದಿಲ್ಲ ಎಂದುಬಿಟ್ಟಳು.

"ನಾನೇನು ಬೇಡ ಅಂದ್ನಾ?" ಡೋರೀನ್ ಬೆರಳು ನೆಕ್ಕಿಕೊಂಡಳು. "ಮೂರು ಗೋಲು ಮುಂದಿದ್ದಾಗ ಮಾಡ್ಕೋ, ನಂಗೂ ನೋಡೋಕೆ ಖುಷೀನೇ. ನಾ ಕೇಳ್ಬೇಕಂತಿರೋದು ಬೇರೆ. ಬಿದ್ಯಲ್ಲ, ಆಮೇಲೆ ಹಿಂದೆ ಓಡು ಅಂತ ಯಾರು ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ, ಕೋಚ್."

"ಮತ್ಯಾಕೆ ಓಡ್ದೆ?"

ಕೈಸಾಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಪಕ್ ಆ ಕಡೆ ಹೋಗ್ತಿತ್ತಲ್ಲ," ಎಂದಳು.

ಕರಾಮತ್ತು ತಪ್ಪಿದವರು ಸಾಮಾನ್ಯವಾಗಿ ನಿಂತು ಛಾವಣಿ ನೋಡುತ್ತಾರೆ, ಇಲ್ಲವೇ ಅಪ್ಪಂದಿರ ಮುಖ ನೋಡುತ್ತಾರೆ ಎಂದಳು ಡೋರೀನ್. ಉಳಿದ ಅರ್ಧ ಬನ್ನನ್ನು ಕಾಗದದ ಸಮೇತ ಕೈಸಾಳ ಕಡೆ ತಳ್ಳಿದಳು. "ಸೋಮವಾರ ಬಾ. ಆದ್ರೆ ಮೊದ್ಲೇ ಹೇಳ್ಬಿಡ್ತೀನಿ, ನಮ್ಮೋಳು ಯಾರಾದ್ರೂ ತಪ್ಪು ಮಾಡಿ ಹೊರಗೆ ಕೂತಾಗ ನಿನ್ನ ಇಳಿಸ್ತೀನಿ. ಅವರು ಐದು, ನಾವು ನಾಲ್ಕು. ಗೋಲು ಹೊಡೆಯೋ ಕೆಲ್ಸ ಅಲ್ಲ ಅದು. ಫೋಟೋನೂ ಬರಲ್ಲ."

ಹೊರಗೆ ಸುದ್ದಿ ಕೇಳಿ ಓಯ್ವಾ ಮಗಳನ್ನು ಅಪ್ಪಿಕೊಂಡ. ಟ್ರಕ್ ಹತ್ತಿದ ಮೇಲೆ ಮಾತ್ರ, ಆ ಕೆಲಸಕ್ಕೆ ಯಾರು ಬೇಕಾದರೂ ಆಗುತ್ತಾರೆ, ಬೇಸಿಗೆಯೆಲ್ಲ ಮಾಡಿದ್ದು ನೀರಲ್ಲಿ ಹೋಮವಾಯಿತು ಎಂದು ಗೊಣಗಿದ.

"ಎಲ್ಲರ ಕೈಲೂ ಆಗಲ್ಲಪ್ಪ," ಎಂದಳು ಕೈಸಾ, ಕಿಟಕಿಯ ಕಡೆ ಮುಖ ಮಾಡಿ. ಅವಳು ಎದುರಾಡಿದ್ದು ಅದೇ ಮೊದಲು.

ಮೊದಲ ಪಂದ್ಯದ ಕೊನೆಯ ಗಳಿಗೆ. ತಂಡ ಒಂದೇ ಗೋಲು ಮುಂದಿತ್ತು, ಒಬ್ಬಳು ಶಿಕ್ಷೆಯಾಗಿ ಹೊರಗೆ ಕೂತಿದ್ದಳು. ಡೋರೀನ್ ಕೈಸಾಳ ಭುಜ ಮುಟ್ಟಿದಳು. ಎದುರಾಳಿಗಳು ಪಕ್ಕನ್ನು ಈ ಕಡೆ ಆ ಕಡೆ ದಾಟಿಸುತ್ತ ಗೋಲಿನ ಮುಂದೆ ಸುತ್ತುಗಟ್ಟಿದರು. ಒಂದು ಹೊಡೆತ ಕೈಸಾಳ ಕಣಕಾಲಿಗೆ ಬಡಿದು ಪಕ್ ಅವಳ ಮುಂದೆಯೇ ಬಿತ್ತು. ಎದುರಿಗೆ ಒಬ್ಬಳೇ ಹುಡುಗಿ, ಅವಳಾಚೆ ಖಾಲಿ ಐಸ್. ಅವಳನ್ನು ಏಮಾರಿಸಿ ಹೋಗುವ ಆಸೆ ಕೈಯಲ್ಲಿ ಒಮ್ಮೆ ಮಿಡಿಯಿತು. ಗ್ಯಾಲರಿಯಲ್ಲಿದ್ದ ಓಯ್ವಾನ ಕೈಯಲ್ಲೂ ಮಿಡಿದಿರಬೇಕು, ಕಂಬಿ ಹಿಡಿದುಕೊಂಡ. ಕೈಸಾ ಪಕ್ಕನ್ನು ಐಸಿನ ಅಂಚಿನ ಗೋಡೆಗುಂಟ ಬಲವಾಗಿ ಬಡಿದು ಆ ತುದಿಗೆ ಅಟ್ಟಿದಳು. ಅವರು ಅದನ್ನು ತರುವಷ್ಟರಲ್ಲಿ ಪಂದ್ಯ ಮುಗಿದ ಗಂಟೆ ಮೊಳಗಿತು.

ಬೆಂಚಿನಲ್ಲಿದ್ದ ಹುಡುಗಿಯರೆಲ್ಲ ಎದ್ದು ಸ್ಟಿಕ್ಕುಗಳಿಂದ ಗೋಡೆ ಬಡಿಯತೊಡಗಿದರು. ಓಯ್ವಾನ ಪಕ್ಕದಲ್ಲಿ ಕೈಗವಸು ಹೆಣೆಯುತ್ತ ಕೂತಿದ್ದ ಅವನ ತಾಯಿ ಹೆಲ್ವಿ, ಸದ್ದಿಗೆ ತಲೆಯೆತ್ತಿದಳು.

"ಏನಾಯ್ತೋ? ನಮ್ಮ ಹುಡುಗಿ ಗೋಲು ಹೊಡೆದ್ಲಾ?"

"ಇಲ್ಲಮ್ಮ."

"ಮತ್ಯಾಕೆ ಹಿಂಗೆ ಬಡೀತಾವೆ?"

ಓಯ್ವಾ ಕಣ್ಣೊರೆಸಿಕೊಂಡ. "ಏನೂ ಆಗ್ಲಿಲ್ಲ ನೋಡು," ಎಂದ, "ಅದಕ್ಕೇ."